ಸಸ್ಯವಿಜ್ಞಾನಿ ಡಾ. ಜಾನಕಿ ಅಮ್ಮಾಳ್

ಭಾರತದ ಮಹಿಳಾ ವಿಜ್ಞಾನಿಗಳಲ್ಲಿ ಡಾ. ಇ.ಕೆ. ಜಾನಕಿ ಅಮ್ಮಾಳ್ ಅವರದು ಮೊದಲ ಸಾಲಿನ ಹೆಸರು. ಇಂಗ್ಲೆಂಡಿನ ಜಾನ್ ಇನ್ಸ್ ಸಂಶೋಧನಾ ಕೇಂದ್ರವು ಅಭಿವೃದ್ಧಿಶೀಲ ದೇಶಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಇವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಸ್ಥಾಪಿಸಿದೆ. ಇದು ತಕ್ಕ ಗೌರವ. ಏಕೆಂದರೆ ಅವರ ಬದುಕಿಗೆ ತಿರುವು ಕೊಟ್ಟದ್ದೂ ಒಂದು ವಿದ್ಯಾರ್ಥಿವೇತನವೇ.

ಜಾನಕಿಯವರು 1897ರ ನವೆಂಬರ್ 4ರಂದು ಕಾಸರಗೋಡಿನಿಂದ ದಕ್ಷಿಣಕ್ಕೆ ಕಡಲತೀರದಲ್ಲಿರುವ ತಲಶ್ಶೇರಿಯಲ್ಲಿ ಜನಿಸಿದರು. ತಂದೆ ಕೃಷ್ಣನ್ ನ್ಯಾಯಾಧೀಶರು, ಗಿಡಮರಗಳಲ್ಲಿ ಆಸಕ್ತಿಯುಳ್ಳವರು. ಅಂದಿನ ಸಮಾಜ ಕೆಳಗಿಟ್ಟಿದ್ದ ತೀಯ ಸಮುದಾಯ ಅವರದು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿ, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಬಳಿಕ ಅಲ್ಲಿಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು.

ಅಕ್ಕತಂಗಿಯರಿಗೆ ಮದುವೆಗಳಾಗುತ್ತಿದ್ದ ಕಾಲದಲ್ಲಿ ಜಾನಕಿಯವರು ಓದಿನ ದಾರಿ ಹಿಡಿದರು. ಏಷ್ಯಾದ ಮಹಿಳೆಯರಿಗೆ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ ಪಡೆದು 1924ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿಯೊಂದಿಗೆ ಮರಳಿ ಬಂದು ಪಾಠ ಮಾಡಿದರು, ಮತ್ತೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ತಿರುವನಂತಪುರದಲ್ಲಿ ಪ್ರಾಧ್ಯಾಪಕಿಯಾಗಿಯೂ ದುಡಿದರು.

1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರ ಸೇರಿದರು. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಮಕ್ಕಳಿಗೆ ಕಬ್ಬು ಹೊಸದಲ್ಲ. ಆದರೆ ಆ ಜಲ್ಲೆಯ ಜೀವಕೋಶದೊಳಗೆ ವರ್ಣತಂತುಗಳೆಷ್ಟು, ಕಾಡುಕಬ್ಬಿಗೂ ನಾಡಕಬ್ಬಿಗೂ ನಂಟೇನು, ಯಾವುದರೊಡನೆ ಯಾವುದು ಕೂಡಿ ತಳಿಯಾದೀತು ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ ನೋಡಿದವರಲ್ಲಿ ಜಾನಕಿಯವರು ಪ್ರಮುಖರು. ಕಬ್ಬನ್ನು ಜೋಳದಂತಹ ಬೇರೆ ಹುಲ್ಲುಗಳೊಡನೆಯೂ ಸಂಕರಗೊಳಿಸಿದರು. 1935ರಲ್ಲಿ, ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ ಆಗಿ ಆಯ್ಕೆಯಾದರು.

ಹೆಣ್ಣೆಂಬ ಕಾರಣಕ್ಕೆ, ಜಾತಿಯ ಕಾರಣಕ್ಕೆ ಅವರ ದಾರಿ ಸುಗಮವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. ಸಿ.ಡಿ. ಡಾರ್ಲಿಂಗ್‌ಟನ್ ಅವರೊಂದಿಗೆ ಬರೆದ, ಬೇಸಾಯದ ಸಸ್ಯಗಳ ವರ್ಣತಂತು ಸಂಖ್ಯೆಗಳ ಕೋಶ 1945ರಲ್ಲಿ ಪ್ರಕಟವಾಯಿತು. ನಂತರ ವಿಸ್ಲೆ ಉದ್ಯಾನದಲ್ಲಿ ಅವರು ಸಂಶೋಧನೆ ನಡೆಸಿದ ಮ್ಯಾಗ್ನೋಲಿಯಾ ಹೂಮರಗಳಲ್ಲೊಂದು ತಳಿ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

1951ರಲ್ಲಿ ಪ್ರಧಾನಿ ನೆಹರು ಅವರ ಆಹ್ವಾನದ ಮೇರೆಗೆ ಭಾರತಕ್ಕೆ ಮರಳಿ, ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣ ಸಂಸ್ಥೆಯ ಪುನರ್‌ಸಂಘಟನೆಗೆ ಶ್ರಮಿಸಿದರು. 1977ರಲ್ಲಿ ಪದ್ಮಶ್ರೀ ದೊರೆಯಿತು.

ಎಂಬತ್ತರ ಆಸುಪಾಸಿನಲ್ಲೂ ಅವರು ವಿಶ್ರಮಿಸಲಿಲ್ಲ. ಕೇರಳದ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟೆಯ ಯೋಜನೆ ಬಂದಾಗ ಅದನ್ನು ವಿರೋಧಿಸಿದರು, ಅಲ್ಲಿಯ ಸಸ್ಯಗಳ ವರ್ಣತಂತುಗಳ ಅಧ್ಯಯನಕ್ಕೆ ತೊಡಗಿದರು. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಕಂಡ ನಮಗೆ, ನೀರು ನಿಂತರೆ ಏನೇನು ಮುಳುಗುತ್ತದೆಂದು ವಿವರಿಸಬೇಕಾಗಿಲ್ಲ. ಅಣೆಕಟ್ಟಿಗೆ ನೀರು ಬೇಕು, ನಿಜ. ಆದರೆ ಮುಳುಗುವ ಮುನ್ನ ಅಲ್ಲಿರುವುದೇನೆಂದು ತಿಳಿದಿರಬೇಕು. ಕೊನೆಗೆ ಯೋಜನೆ ಕೈಬಿಡಲಾಯಿತು. 1984ರ ಫೆಬ್ರವರಿ 7ರಂದು ಜಾನಕಿಯವರು ನಿಧನರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು.

ಸಸ್ಯ ವರ್ಗೀಕರಣದ ವಿಜ್ಞಾನಿಗಳಿಗೆ ಕೇಂದ್ರ ಪರಿಸರ ಸಚಿವಾಲಯವು ಇವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಸ್ಥಾಪಿಸಿತು. ಪ್ರಶಸ್ತಿ ಮುಗಿದ ಕೆಲಸವನ್ನು ಮೆಚ್ಚುತ್ತದೆ. ವಿದ್ಯಾರ್ಥಿವೇತನ ಇನ್ನೂ ಆಗದ ಕೆಲಸವನ್ನು ನಂಬುತ್ತದೆ. ನಮ್ಮ ಊರುಗಳಲ್ಲಿ ಪ್ರತಿಭಾ ಪುರಸ್ಕಾರದ ದಿನ ಹಾರ, ಫಲಕ ಪಡೆದ ಎಷ್ಟೋ ಹೆಣ್ಣುಮಕ್ಕಳು ಮರುವರ್ಷ ತರಗತಿಯಲ್ಲಿ ಕಾಣುವುದಿಲ್ಲ. ಫಲಕದ ಜೊತೆಗೆ ಮುಂದಿನ ವರ್ಷದ ಶುಲ್ಕ, ಪುಸ್ತಕ, ಬಸ್ ಪಾಸಿನ ಹೊಣೆಯನ್ನೂ ಹೊತ್ತರೆ ಆ ಪುರಸ್ಕಾರ ಸಾರ್ಥಕ. ಪೋಷಕರೇ, ಹತ್ತನೆಯ ತರಗತಿ ಮುಗಿಸಿದ ಮಗಳನ್ನು ಮನೆಯಲ್ಲಿ ಕೂರಿಸುವ ಮುನ್ನ ಜಾನಕಿಯವರನ್ನು ಒಮ್ಮೆ ನೆನೆಯಿರಿ.