ಜೋ ಲ್ಯಾಪ್ಚಿಕ್: ಓದಿ ಸಹಿ ಹಾಕಿಸುತ್ತಿದ್ದ ತರಬೇತುದಾರ

ನಿಮ್ಮ ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದನೆಂದು ಭಾವಿಸಿಕೊಳ್ಳಿ. ತರಬೇತುದಾರರು ಅವನನ್ನು ಕರೆದು ಒಂದು ಪುಸ್ತಕ ಕೊಡುತ್ತಾರೆ. ಅದರಲ್ಲಿ ಆಟದ ನಿಯಮಗಳಿಲ್ಲ. ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಸುದ್ದಿಗಳಿವೆ. ಲಂಚ ಪಡೆದು ಸಿಕ್ಕಿಬಿದ್ದ ಆಟಗಾರರ ಸುದ್ದಿಗಳು! ಅದನ್ನು ಓದಿ, ಓದಿದ್ದೇನೆಂದು ಸಹಿ ಹಾಕಬೇಕು. ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಜೋ ಲ್ಯಾಪ್ಚಿಕ್ ಎಂಬವರು ಹೀಗೆ ಮಾಡಿಸುತ್ತಿದ್ದರು.

ಜೋ ಹುಟ್ಟಿದ್ದು 1900ರಲ್ಲಿ, ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್‌ನಲ್ಲಿ. ತಂದೆತಾಯಿ ಯುರೋಪಿನಿಂದ ವಲಸೆ ಬಂದ ಜೆಕ್ ಜನ. ಎಂಟನೇ ತರಗತಿಗೇ ಶಾಲೆ ಬಿಟ್ಟು ಹುಡುಗ ಕಾರ್ಖಾನೆಗೆ ಹೋದ. ಆದರೆ ದೇವರು ಆರಡಿ ಐದಂಗುಲ ಎತ್ತರ ಕೊಟ್ಟಿದ್ದರು. ಆ ಕಾಲಕ್ಕೆ ಅದು ಅಪರೂಪ. ಹಣಕ್ಕಾಗಿ ಆಡತೊಡಗಿದ ಜೋ, 1920ರ ದಶಕದಲ್ಲಿ ಒರಿಜಿನಲ್ ಸೆಲ್ಟಿಕ್ಸ್ ಎಂಬ ಪ್ರಸಿದ್ಧ ವೃತ್ತಿಪರ ತಂಡದ ತಾರೆಯಾದರು.

ಹೈಸ್ಕೂಲು ಕಾಣದ ಈ ವ್ಯಕ್ತಿಯನ್ನು 1936ರಲ್ಲಿ ಕಾಲೇಜು ಹುಡುಗರಿಗೆ ತರಬೇತುದಾರನಾಗಿ ಕರೆದದ್ದು ಸೇಂಟ್ ಜಾನ್ಸ್. ಅದು ವಿನ್ಸೆಂಟ್ ದ ಪೌಲರ ಸಭೆಯ ಗುರುಗಳು ನಡೆಸುವ ಸಂಸ್ಥೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಡವರಿಗೆ ನೆರವಾಗುವ ಸಂಘಕ್ಕೂ ಅದೇ ಸಂತರ ಹೆಸರು. ಜೋ 1943 ಮತ್ತು 1944ರಲ್ಲಿ ಸತತವಾಗಿ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿ ಗೆಲ್ಲಿಸಿಕೊಟ್ಟರು. ಅವರದು ಬಲು ಅಂಜುಬುರುಕ ಜೀವ! 1944ರ ಅಂತಿಮ ಪಂದ್ಯದ ನಡುವೆಯೇ ಮೂರ್ಛೆ ಹೋದರು. ಹುಡುಗರು ಅವರಿಲ್ಲದೆಯೇ ಗೆದ್ದರು.

1947ರಲ್ಲಿ ಅವರು ನ್ಯೂಯಾರ್ಕ್ ನಿಕ್ಸ್ ಎಂಬ ವೃತ್ತಿಪರ ತಂಡಕ್ಕೆ ಹೋದರು. 1951ರಲ್ಲಿ ದೊಡ್ಡ ಹಗರಣವೊಂದು ಬಯಲಾಯಿತು. ಜೂಜುಕೋರರು ಬಾಜಿ ಕಟ್ಟುತ್ತಿದ್ದುದು ತಂಡ ಎಷ್ಟು ಅಂಕಗಳ ಅಂತರದಲ್ಲಿ ಗೆಲ್ಲುತ್ತದೆ ಎಂಬುದರ ಮೇಲೆ. ಆಟಗಾರ ಸೋಲಬೇಕಾಗಿರಲಿಲ್ಲ, ಕಡಿಮೆ ಅಂತರದಲ್ಲಿ ಗೆದ್ದರೆ ಸಾಕಿತ್ತು. ತಂಡವೇನೂ ಸೋಲಲಿಲ್ಲವಲ್ಲ ಎಂದು ಮನಸ್ಸಾಕ್ಷಿಯನ್ನು ಸುಮ್ಮನಾಗಿಸುವುದು ಎಷ್ಟು ಸುಲಭ, ನೀವೇ ಯೋಚಿಸಿ. ಸೈತಾನ ಒಳಗೆ ಬರುವುದು ಹೀಗೆ ಚಿಕ್ಕ ಬಾಗಿಲಿನಿಂದಲೇ. 1950ರಲ್ಲಿ ಒಂದೇ ವರ್ಷ ದೇಶದ ಎರಡೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದಿದ್ದ ಸಿಟಿ ಕಾಲೇಜಿನ ಹುಡುಗರು ಬಂಧಿತರಾದರು. ಬಡ ಮನೆಗಳ ಮಕ್ಕಳು. ವೃತ್ತಿಪರ ಆಟದ ಬಾಗಿಲು ಅವರಿಗೆ ಶಾಶ್ವತವಾಗಿ ಮುಚ್ಚಿತು. ಜೋ ಆ ಸುದ್ದಿಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡರು. 1956ರಲ್ಲಿ ಸೇಂಟ್ ಜಾನ್ಸ್‌ಗೆ ಮರಳಿದಾಗ ಆ ಪುಸ್ತಕವೂ ಅವರ ಜೊತೆ ಬಂತು. ಬರೀ ಉಪದೇಶ ಮಾಡಿದ್ದರೆ ಹುಡುಗರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರೇನೋ. ತಮ್ಮದೇ ವಯಸ್ಸಿನವರ ಹೆಸರು, ಚಿತ್ರ ನೋಡಿದ ಮೇಲೆ ಸಹಿ ಹಾಕುವ ಕೈ ನಡುಗದೆ ಇದ್ದೀತೇ?

ಇನ್ನೊಂದು ವಿಷಯವನ್ನೂ ನಿಮಗೆ ಹೇಳಲೇಬೇಕು. ಸೆಲ್ಟಿಕ್ಸ್ ದಿನಗಳಲ್ಲಿ ಕರಿಯ ಆಟಗಾರರ ರೆನ್ಸ್ ತಂಡ ಎದುರಾದಾಗ, ಜೋ ಪಂದ್ಯಕ್ಕೆ ಮುಂಚೆ ಅವರ ಟಾರ್ಜನ್ ಕೂಪರ್‌ರನ್ನು ಎಲ್ಲರೆದುರು ಅಪ್ಪಿಕೊಳ್ಳುತ್ತಿದ್ದರು. 1950ರಲ್ಲಿ ನಿಕ್ಸ್ ತಂಡಕ್ಕೆ ನ್ಯಾಟ್ ಕ್ಲಿಫ್ಟನ್‌ರನ್ನು ತೆಗೆದುಕೊಂಡರು. ಆ ದೊಡ್ಡ ಲೀಗಿಗೆ ಕಾಲಿಟ್ಟ ಮೊದಲ ಮೂವರು ಕರಿಯರಲ್ಲಿ ಕ್ಲಿಫ್ಟನ್ ಒಬ್ಬರು. ಜೋ ಅವರ ಐದು ವರ್ಷದ ಮಗ ರಿಚರ್ಡ್ ಕಿಟಕಿಯಿಂದ ಹೊರಗೆ ನೋಡುತ್ತಾನೆ: ಮನೆಯೆದುರಿನ ಮರದಲ್ಲಿ ಅಪ್ಪನ ಪ್ರತಿಕೃತಿ ನೇತಾಡುತ್ತಿದೆ. ಫೋನೆತ್ತಿದರೆ ಅಪ್ಪನಿಗೆ ಬೈಗುಳ. ಆದರೂ ಕ್ಲಿಫ್ಟನ್ ತಂಡದಲ್ಲೇ ಉಳಿದರು. 1951ರಿಂದ ಮೂರು ವರ್ಷ ಸತತವಾಗಿ ನಿಕ್ಸ್ ಅಂತಿಮ ಹಣಾಹಣಿ ತಲುಪಿ, ಮೂರು ಬಾರಿಯೂ ಸೋತಿತು.

1965ರಲ್ಲಿ ಜೋ ಅವರಿಗೆ 65 ತುಂಬುತ್ತಿತ್ತು. ವಿಶ್ವವಿದ್ಯಾಲಯದ ನಿಯಮದಂತೆ ನಿವೃತ್ತಿ ಕಡ್ಡಾಯ. ಇಷ್ಟವಿಲ್ಲದಿದ್ದರೂ ತಲೆಬಾಗಿದರು. ಕೊನೆಯ ಪಂದ್ಯ ಅದೇ ಆಹ್ವಾನಿತ ಪಂದ್ಯಾವಳಿಯ ಫೈನಲ್, ಎದುರಾಳಿ ಅಗಸ್ಟೀನ್ ಸಭೆಯ ವಿಲನೋವ. (ಪೋಪ್ 14ನೇ ಲಿಯೋರವರು 1977ರಲ್ಲಿ ಗಣಿತದ ಪದವಿ ಪಡೆದದ್ದು ಅಲ್ಲಿಯೇ.) ಸೇಂಟ್ ಜಾನ್ಸ್ 55-51ರಲ್ಲಿ ಗೆದ್ದಿತು. ಜೋ ಅವರಿಗೆ ಅದು ಆ ಪಂದ್ಯಾವಳಿಯಲ್ಲಿ ನಾಲ್ಕನೆಯ ಗೆಲುವು.

1970ರ ಆಗಸ್ಟ್ 10ರಂದು ಅವರು ತೀರಿಕೊಂಡರು. ಅಂದು ಕಿಟಕಿಯಲ್ಲಿ ನಿಂತು ನೋಡಿದ್ದ ರಿಚರ್ಡ್, ಕ್ರೀಡಾರಂಗದ ವರ್ಣಭೇದದ ವಿರುದ್ಧ ಹೋರಾಡುವುದನ್ನೇ ಮುಂದೆ ತಮ್ಮ ಬಾಳಿನ ಕೆಲಸವಾಗಿ ಮಾಡಿಕೊಂಡರು.