ಮಹಾರಾಣಿ ಲಕ್ಷ್ಮಮ್ಮಣ್ಣಿ

ಮಹಾರಾಣಿ ಲಕ್ಷ್ಮಮ್ಮಣ್ಣಿ (ನಿಧನ: 1810) ಮೈಸೂರಿನ ಅರಸ ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ಒಡೆಯರ ಮನೆತನಕ್ಕೆ ರಾಜ್ಯ ಮರಳಿ ದೊರೆಯಲು ಶ್ರಮಿಸಿದ ಇವರ ಹೆಸರು ಸಿಡುಬಿನ ಲಸಿಕೆಯ ಪ್ರಚಾರದೊಂದಿಗೂ ಸೇರಿಕೊಂಡಿದೆ.

ಜೀವನ

1766ರಲ್ಲಿ ಪತಿಯನ್ನು ಕಳೆದುಕೊಂಡ ಲಕ್ಷ್ಮಮ್ಮಣ್ಣಿಯವರು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಇಂಗ್ಲಿಷರೊಡನೆ ಗುಪ್ತ ಸಂಧಾನ ನಡೆಸಿದರು. 1799ರಲ್ಲಿ ಟಿಪ್ಪು ಮಡಿದ ಬಳಿಕ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು. ಕೊಳ್ಳೇಗಾಲ, ಹನೂರು ಸೀಮೆ ಕಂಪನಿಯ ಪಾಲಾಯಿತು. ಮೈಸೂರಿನಲ್ಲೇ ಉಳಿದ ಯಳಂದೂರು 1807ರಲ್ಲಿ ಪೂರ್ಣಯ್ಯನವರ ಜಹಗೀರಾಯಿತು.

ಸಿಡುಬಿನ ಲಸಿಕೆ

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ 1802ರಲ್ಲಿ ಭಾರತ ತಲುಪಿತು. ಸಿಡುಬನ್ನು ದೇವಿಯ ಮುನಿಸೆಂದು ನಂಬಿದ್ದ ಜನರು ಅದಕ್ಕೆ ಹಿಂಜರಿದರು. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರಿಗೆ ಹಾಕುವ ಕ್ರಮ ಜಾತಿಯ ಕಟ್ಟುಪಾಡುಗಳಿಗೂ ವಿರುದ್ಧವಾಗಿತ್ತು.

1805ರ ಸುಮಾರಿಗೆ ಥಾಮಸ್ ಹಿಕಿ ಮೂವರು ಸ್ತ್ರೀಯರ ಚಿತ್ರವೊಂದನ್ನು ರಚಿಸಿದನು. ಬಲಬದಿಯಲ್ಲಿ ಸೀರೆ ಸರಿಸಿ ಲಸಿಕೆ ಹಾಕಿದ ತೋಳನ್ನು ತೋರಿಸುತ್ತಿರುವವರು ಮುಮ್ಮಡಿಯವರ ಕಿರಿಯ ರಾಣಿ ದೇವಾಜಮ್ಮಣ್ಣಿ. ನಡುವೆ ಇರುವವರು ಲಕ್ಷ್ಮಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಇಮ್ಮಡಿಯವರು ಸಿಡುಬಿಗೇ ಬಲಿಯಾಗಿದ್ದರೆಂಬುದು ಅವರ ವಿವರಣೆ. ಪರದೆಯೊಳಗಿನ ರಾಣಿಯರು ಹೀಗೆ ಕಾಣಿಸಿಕೊಳ್ಳಲು ಅಂತಃಪುರದ ಹಿರಿಯರ ಸಮ್ಮತಿ ಅಗತ್ಯವಾಗಿತ್ತು. ರಾಣಿಯ ನಿದರ್ಶನದಿಂದ ಜನರು ಲಸಿಕೆಗೆ ಮುಂದೆ ಬಂದರೆಂದು 1806ರ ದಾಖಲೆಯೊಂದು ತಿಳಿಸುತ್ತದೆ.

ನಂತರದ ಬೆಳವಣಿಗೆ

ಬ್ರಿಟಿಷ್ ಭಾರತದಲ್ಲಿ 1880ರ ಲಸಿಕಾ ಕಾಯಿದೆಯು ಆಯ್ದ ಪಟ್ಟಣಗಳಲ್ಲಿ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯಗೊಳಿಸಲು ಅವಕಾಶ ನೀಡಿತು. ಮೈಸೂರಿನ ಈ ಮೊದಲ ಯತ್ನ ನಡೆದದ್ದು ದಂಡನೆಯ ಭಯದಿಂದಲ್ಲ, ಅರಮನೆಯ ಮೇಲೆ ಜನರಿಗಿದ್ದ ನಂಬಿಕೆಯಿಂದ.