ಅಂಬೋನಿನ ಕುರುಡು ಪಂಡಿತ

ನಮ್ಮ ಕಾಮರ್ಸ್ ಪುಸ್ತಕಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಬಗ್ಗೆ ನಾಲ್ಕು ಸಾಲು ಬರುತ್ತದೆ. 1602ರಲ್ಲಿ ಹುಟ್ಟಿತು, ಷೇರು ಮಾರಿ ಬಂಡವಾಳ ಎತ್ತಿತು, ಲವಂಗ ಜಾಯಿಕಾಯಿ ವ್ಯಾಪಾರ ಮಾಡಿತು. ಪರೀಕ್ಷೆಗೆ ಅಷ್ಟು ಸಾಕು. ಅದೇ ಕಂಪನಿಯಲ್ಲಿ ಸಂಬಳಕ್ಕಿದ್ದ ಒಬ್ಬನ ಕತೆ ಹೇಳಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಕಪ್ಪೆಚಿಪ್ಪು, ಶಂಖ, ಏಡಿಗಳ ಶಾಸ್ತ್ರ ಓದುವವರೆಲ್ಲ ಇಂದಿಗೂ ನೆನೆಯುವ ಹೆಸರು ಅದು: ರಂಫಿಯಸ್.

ಹುಟ್ಟಿದ್ದು 1627ರಲ್ಲಿ, ಜರ್ಮನಿಯಲ್ಲಿ. ಹರೆಯದಲ್ಲೇ ಸಿಪಾಯಿಯಾಗಿ ಪೋರ್ಚುಗಲ್ ಸೇರಿ ಕೆಲವು ವರ್ಷ ಅಲ್ಲೇ ಕಳೆದ. 1652ರ ಕೊನೆಗೆ ಡಚ್ ಕಂಪನಿಯ ಹಡಗು ಹತ್ತಿದ. ಮತ್ತೆ ಯೂರೋಪಿನ ಮುಖ ನೋಡಲಿಲ್ಲ. ಇಂದು ಇಂಡೋನೇಷ್ಯಾಕ್ಕೆ ಸೇರಿದ ಅಂಬೋನ್ ದ್ವೀಪಕ್ಕೆ ಬಂದು, ಸಿಪಾಯಿಗಿರಿ ಬಿಟ್ಟು ವ್ಯಾಪಾರದ ಖಾತೆಗೆ ಬದಲಿ ಮಾಡಿಸಿಕೊಂಡ. ಹಗಲು ಲವಂಗದ ಲೆಕ್ಕ. ಉಳಿದ ಹೊತ್ತೆಲ್ಲ ಗಿಡ, ಚಿಪ್ಪು, ಏಡಿ.

ಅಂಬೋನಿನ ಸಮುದ್ರ ಎಂಥದು ಅಂದ್ರೆ, ನೀರು ಇಳಿದಾಗ ಹವಳದ ದಿಬ್ಬಗಳು ಬರಿದಾಗಿ ಕಾಣುತ್ತವೆ. ಆದರೆ ಅಲ್ಲಿನ ಜೀವಿಗಳು ಸುಲಭಕ್ಕೆ ಕಾಣೋದಿಲ್ಲ. ಒಂದು ಮರಳಲ್ಲಿ ಹೂತುಕೊಂಡಿರುತ್ತದೆ, ಇನ್ನೊಂದು ಕಲ್ಲಿನ ಸಂದಿಯಲ್ಲಿ. ನಾವು ಚೌಕಾಬಾರ ಆಡೋ ಕವಡೆಯನ್ನೇ ತಗೊಳ್ಳಿ. ಜೀವ ಇರುವಾಗ ಅದು ತನ್ನ ಮೈಯ ಚರ್ಮವನ್ನೇ ಹೊರಗೆ ಚಾಚಿ ಚಿಪ್ಪಿಗೆ ಹೊದಿಸಿಕೊಂಡಿರುತ್ತದೆ. ಆ ಹೊಳಪು ಸವೆಯದೆ ಉಳಿಯುವುದೂ ಹಾಗೆಯೇ. ಯೂರೋಪಿನ ಶ್ರೀಮಂತರು ಖಾಲಿ ಚಿಪ್ಪು ಕೊಂಡು ಕಪಾಟಿನಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ, ಒಳಗಿನ ಪ್ರಾಣಿ ಏನು ತಿನ್ನುತ್ತೆ, ಎಲ್ಲಿ ಅಡಗುತ್ತೆ, ಹೇಗೆ ನಡೆಯುತ್ತೆ ಎಂದು ಈತ ಬರೆದಿಟ್ಟ.

ಸನ್ಯಾಸಿ ಏಡಿಯ ಪ್ರಸಂಗ ನನಗೆ ತುಂಬಾ ಇಷ್ಟ. ಈ ಏಡಿಗೆ ಹಿಂಭಾಗ ಮೆತ್ತಗೆ; ಹಾಗಾಗಿ ಸತ್ತ ಬಸವನಹುಳುವಿನ ಚಿಪ್ಪಿನಲ್ಲಿ ಬಾಡಿಗೆ ಕೊಡದೆ ವಾಸ. ರಂಫಿಯಸ್ ಒಳ್ಳೊಳ್ಳೆಯ ಚಿಪ್ಪುಗಳನ್ನು ಬಿಸಿಲಿಗೆ ಬೆಳ್ಳಗಾಗಲಿ ಎಂದು ಎತ್ತರದ ಬೆಂಚಿನ ಮೇಲೆ ಇಟ್ಟರೆ, ರಾತ್ರಿ ಇವು ಹತ್ತಿ ಬಂದು ಹೊಸ ಮನೆ ಹೊತ್ತುಕೊಂಡು, ತಮ್ಮ ಹಳೇ ಮನೆ ಅಲ್ಲೇ ಬಿಟ್ಟು ಹೋಗುತ್ತಿದ್ದವಂತೆ. ಅಂಥ ದೊಡ್ಡ ಪಂಡಿತ ಈ ಕಳ್ಳರ ಮೇಲಿನ ಸಿಟ್ಟನ್ನೂ ಪುಸ್ತಕದಲ್ಲಿ ಸೇರಿಸಿದ್ದಾನೆ!

1670ರಲ್ಲಿ, ನಲವತ್ತಮೂರರ ಆಸುಪಾಸಿಗೆ, ಎರಡೂ ಕಣ್ಣು ಹೋದವು. ಗ್ಲಾಕೋಮಾ ಎನ್ನುತ್ತಾರೆ. ಕಂಪನಿ ಮನೆಗೆ ಕಳಿಸಲಿಲ್ಲ, ಸಂಬಳ ಮುಂದುವರಿಸಿತು, ಬರೆಯಲು ಗುಮಾಸ್ತರನ್ನೂ ಕೊಟ್ಟಿತು. ಮಗ ಪೌಲ್ ಚಿತ್ರ ಬರೆದುಕೊಟ್ಟ. ಅಲ್ಲಿಂದ ಮುಂದೆ ರಂಫಿಯಸ್ ಚಿಪ್ಪನ್ನು ಕೈಯಲ್ಲಿ ತಿರುವಿ, ಸುರುಳಿ ಎಣಿಸಿ, ಮೂಸಿ ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಮೊದಲು ವಿದ್ವಾಂಸರ ಭಾಷೆ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದವನು. ಗುಮಾಸ್ತರಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು? ಎಲ್ಲವನ್ನೂ ಡಚ್ಚಿನಲ್ಲಿ ಹೊಸದಾಗಿ ಹೇಳಿ ಬರೆಸಿದ. ಜೊತೆಗೆ ಪ್ರತಿ ಜೀವಿಗೂ ಮಲಯ ಭಾಷೆಯ ಹೆಸರು, ಅಂಬೋನಿನ ಜನರ ಹೆಸರು ಸೇರಿಸುತ್ತ ಹೋದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನಗೆ ಈ ಮಾತು ತಟ್ಟದೆ ಹೇಗಿರುತ್ತದೆ ಹೇಳಿ.

1674ರ ಫೆಬ್ರವರಿ 17ರ ಸಂಜೆ ಅಂಬೋನಿನಲ್ಲಿ ಚೀನಿಯರ ಹೊಸವರ್ಷದ ಸಂಭ್ರಮ. ಹೆಂಡತಿ ಸುಸಾನ್ನ ಮತ್ತು ಒಬ್ಬಳು ಮಗಳು ನೋಡಲು ಹೋಗಿದ್ದರು. ಭೂಕಂಪ ಬಡಿಯಿತು, ಗೋಡೆ ಕುಸಿದು ಇಬ್ಬರೂ ಸತ್ತರು. ಆಮೇಲೆ ಸಮುದ್ರ ಮೇಲೇರಿ ಬಂತು. ಎರಡು ಸಾವಿರಕ್ಕೂ ಹೆಚ್ಚು ಜನ ಹೋದರು. ಆ ದುರಂತದ ವರದಿ ಬರೆಸಿದವನೂ ರಂಫಿಯಸ್ಸೇ. ಹಿಂದೆ ತನಗೆ ಒಂದು ಬಿಳಿ ಆರ್ಕಿಡ್ ಹೂವನ್ನು ಮೊದಲು ತೋರಿಸಿದವಳು ಎಂದು ಅದಕ್ಕೆ ಹೆಂಡತಿಯ ಹೆಸರಿಟ್ಟ. ಶಾಸ್ತ್ರದ ಹೆಸರಿನಲ್ಲಿ ಸುಸಾನ್ನ ಇನ್ನೂ ಉಳಿದಿದ್ದಾಳೆ.

ಇನ್ನೊಬ್ಬ ಹೆಂಗಸಿಗೆ ಆ ಭಾಗ್ಯ ಇಲ್ಲ. ಬಂಡಾ ದ್ವೀಪದಲ್ಲಿ ಗುಲಾಮಳೊಬ್ಬಳು ಮೀನಿನ ಬಲೆ ಎಳೆಯುವಾಗ ಸಿಕ್ಕ ಚಂದದ ಚಿಪ್ಪನ್ನು ಕೈಯಲ್ಲಿ ಹಿಡಿದಳು. ಸ್ವಲ್ಪ ಹೊತ್ತಿಗೆ ಪ್ರಾಣವೇ ಹೋಯಿತು. ಅದು ಕೋನ್ ಬಸವನಹುಳು. ಮರಳೊಳಗೆ ಅಡಗಿ, ಸೊಂಡಿಲಿನಂಥ ಕೊಳವೆಯಷ್ಟನ್ನೇ ಹೊರಗಿಟ್ಟು ಬೇಟೆಯ ವಾಸನೆ ಹಿಡಿಯುತ್ತದೆ. ಈಟಿಯಂಥ ಟೊಳ್ಳು ಹಲ್ಲು ಚುಚ್ಚಿ ವಿಷ ತುಂಬುತ್ತದೆ. ಈ ವಿಷದಿಂದಾದ ಸಾವಿನ ಅತಿ ಹಳೆಯ ದಾಖಲೆಗಳಲ್ಲಿ ರಂಫಿಯಸ್ ಬರೆಸಿದ್ದೂ ಒಂದು. ಅದೇ ಜಾತಿಯ ಇನ್ನೊಂದು ಹುಳುವಿನ ವಿಷವನ್ನು ಅನುಸರಿಸಿ ಮಾಡಿದ ನೋವಿನ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವಳ ಹೆಸರೇನು ಅಂತ ಪಂಡಿತ ಕೇಳಲಿಲ್ಲ. ಅವನಿಗೆ ಕಣ್ಣಾಗಿ ದಿಬ್ಬದಲ್ಲಿ ಮುಳುಗಿ, ಮರಳು ಬಗೆದು ತಂದುಕೊಟ್ಟ ಎಷ್ಟೋ ಜನರ ಹೆಸರೂ ನಮಗೆ ಸಿಗೋದಿಲ್ಲ. ಲವಂಗದ ಲೆಕ್ಕ ಮಾತ್ರ ಕಂಪನಿ ಚೊಕ್ಕಟವಾಗಿ ಇಟ್ಟಿತ್ತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1682ರಲ್ಲಿ ವರ್ಷಗಟ್ಟಲೆ ಕೂಡಿಸಿದ ಚಿಪ್ಪುಗಳನ್ನು ಇಟಲಿಯ ಟಸ್ಕನಿಯ ದೊರೆಗೆ ಮಾರಬೇಕಾಯಿತು. 1687ರ ಜನವರಿಯಲ್ಲಿ ಊರಿಗೆ ಬೆಂಕಿ ಬಿದ್ದು ಪುಸ್ತಕ, ಚಿತ್ರ ಸುಟ್ಟವು. ಮತ್ತೆ ಶುರು. ಗಿಡಗಳ ಗ್ರಂಥದ ಹಸ್ತಪ್ರತಿ ಹೊತ್ತ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಪುಣ್ಯಕ್ಕೆ ಗವರ್ನರ್ ಜನರಲ್ ಒಂದು ನಕಲು ಮಾಡಿಸಿಟ್ಟಿದ್ದ. ಅದು ಹಾಲೆಂಡ್ ಮುಟ್ಟಿತು. ವ್ಯಾಪಾರದ ಗುಟ್ಟು ಹೊರಬಿದ್ದೀತು ಎಂದು ಕಂಪನಿ ಬೀಗ ಹಾಕಿಟ್ಟಿತು. ಅಚ್ಚಾಗಲು ಶುರುವಾದದ್ದು 1741ರಲ್ಲಿ.

ಚಿಪ್ಪು, ಏಡಿಗಳ ಪುಸ್ತಕವನ್ನು ಡೆಲ್ಫ್ಟ್ ಊರಿನ ಚಿಪ್ಪುಪ್ರಿಯ ಸ್ನೇಹಿತನಿಗೆ ಕಳಿಸಿದ್ದರಿಂದ ಅದು ಬೇಗ ಹೊರಬಂತು, 1705ರಲ್ಲಿ, ಆಂಸ್ಟರ್‌ಡ್ಯಾಮಿನಲ್ಲಿ. ಮುಂದೆ ಲಿನೇಯಸ್ ಜೀವಿಗಳಿಗೆ ಹೆಸರಿಡಲು ಕೂತಾಗ ಇದನ್ನೇ ಎದುರಿಗಿಟ್ಟುಕೊಂಡ. ರಂಫಿಯಸ್ 1702ರ ಜೂನ್ 15ರಂದೇ ಅಂಬೋನಿನಲ್ಲಿ ತೀರಿಕೊಂಡಿದ್ದ. ಪ್ರಾಣಿಗಳ ಬಗ್ಗೆ ಮತ್ತೊಂದು ಪುಸ್ತಕ ಬರೆಸಿದ್ದ. ಅದರ ಹಸ್ತಪ್ರತಿ ಕಳೆದೇ ಹೋಯಿತು.